ಎರಡು ನಿಮಿಷದ ಚೌಕಳಿ

ಆಸ್ಪತ್ರೆಯ ಹೊರಗೆ ಕಾದು ಕೂತ ನೆಂಟರು, ರಿಪೋರ್ಟ್ ಹಿಡಿದು ಬಂದವರನ್ನು ಕೇಳುವುದು ಒಂದೇ ಮಾತು: “ಪಂಪಿಂಗ್ ಎಷ್ಟಿದೆಯಂತೆ?” “ಅರವತ್ತಂತೆ” ಎಂದರೆ ಎಲ್ಲರೂ ಕಾಫಿಗೆ ಹೊರಡುತ್ತಾರೆ. “ಮೂವತ್ತೈದಂತೆ” ಎಂದರೆ ಯಾರೂ ಕೂತಲ್ಲಿಂದ ಏಳುವುದಿಲ್ಲ.

ಈ ಪಂಪಿಂಗನ್ನು ವೈದ್ಯರು ಇ.ಎಫ್. ಎನ್ನುತ್ತಾರೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿ ನಿಂತ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರಹೋಯಿತು ಎಂಬ ಲೆಕ್ಕ ಅದು. 120 ಮಿ.ಲೀ. ತುಂಬಿ 50 ಒಳಗೇ ಉಳಿದರೆ ಹೊರಬಿದ್ದದ್ದು 70 ಮಿ.ಲೀ., ಇ.ಎಫ್. ಶೇ. 58. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ 1,03,680 ಬಡಿತ. ಅಷ್ಟೂ ಬಡಿತ ಸೇರಿ ತಳ್ಳುವ ರಕ್ತ ಸುಮಾರು 7,258 ಲೀಟರ್. ಬೆಂಗಳೂರಿನ ಬೀದಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್ ತುಂಬಿದ ಮೇಲೂ ಮಿಗುತ್ತದೆ.

ಆದರೆ ಇ.ಎಫ್. ಎನ್ನುವುದು ಒಟ್ಟು ಮೊತ್ತ. ರಾಜ್ಯದಲ್ಲಿ ವಾಡಿಕೆಯಷ್ಟು ಮಳೆ ಬಿದ್ದಿದೆ ಎಂದು ಹವಾಮಾನ ಇಲಾಖೆ ಹೇಳಿದರೆ ಆಗುಂಬೆಯಲ್ಲಿ ಹಳ್ಳ ಉಕ್ಕಿ, ಪಾವಗಡದಲ್ಲಿ ಬಿತ್ತಿದ ಬೀಜ ಒಣಗಿರಲೂಬಹುದು. ಹೃದಯದ ಗೋಡೆಯಲ್ಲೂ ಹಾಗೆಯೇ. ಒಂದು ಭಾಗ ಸೋಮಾರಿಯಾದರೆ ಪಕ್ಕದ ಭಾಗ ಹೆಚ್ಚು ದುಡಿದು ಮೊತ್ತವನ್ನು ಸರಿದೂಗಿಸುತ್ತದೆ. ತಾಲ್ಲೂಕುವಾರು ಲೆಕ್ಕ ಬೇಕೆಂದರೆ ರಕ್ತವನ್ನು ಬಿಟ್ಟು ಸ್ನಾಯುವನ್ನೇ ಅಳೆಯಬೇಕು: ಯಾವ ತುಣುಕು, ಯಾವ ದಿಕ್ಕಿಗೆ, ಎಷ್ಟು ಮಿಲಿಮೀಟರ್ ಸರಿಯಿತು?

ಎಂಆರ್‌ಐ ಯಂತ್ರ ಇದನ್ನು ಎದೆ ತೆರೆಯದೆ, ಎಕ್ಸ್‌ರೇ ತಾಗಿಸದೆ ಅಳೆಯಲು ಕಲಿತದ್ದು 1988ರಲ್ಲಿ. ಅಳತೆಗೆ ಯಂತ್ರದ ಮೇಲೆ ಹೆಚ್ಚುವರಿಯಾಗಿ ತಗಲುವುದು ಎರಡು ನಿಮಿಷ. ಆದರೂ ಹೆಚ್ಚಿನ ರಿಪೋರ್ಟುಗಳಲ್ಲಿ ಆ ಅಂಕಿ ಕಾಣುವುದಿಲ್ಲ. ಎರಡು ನಿಮಿಷಕ್ಕೆ ಏಕಿಷ್ಟು ಬರ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಹದಿನೈದು ಹೋಗಿ ಐವತ್ತೆರಡಾಗುವ ಬಗೆ

ಹೃದಯದ ಸ್ನಾಯುವಿನ ಎಳೆ ಒಂದು ಬಡಿತದಲ್ಲಿ ಕುಗ್ಗುವುದು ಸುಮಾರು ಶೇ. 15ರಷ್ಟು ಮಾತ್ರ. ಅಷ್ಟೇ ಕುಗ್ಗಿ ಅರ್ಧಕ್ಕಿಂತ ಹೆಚ್ಚು ರಕ್ತವನ್ನು ಹೊರದಬ್ಬುವುದು ಹೇಗೆ? ಎಡ ಹೃತ್ಕುಕ್ಷಿಯನ್ನು ಒಂದು ದಪ್ಪ ಗೋಡೆಯ ಕೊಳವೆ ಎಂದು ಭಾವಿಸಿ. ನಿಜದಲ್ಲಿ ಅದು ಕೊಳವೆಯಲ್ಲ, ತುದಿ ಮುಚ್ಚಿದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಲೆಕ್ಕಕ್ಕೆ ಕೊಳವೆ ಸಾಕು.

ಉದ್ದ 80 ಮಿ.ಮೀ., ಒಳಗಿನ ತ್ರಿಜ್ಯ 24, ಗೋಡೆಯ ದಪ್ಪ 9. ಒಳಗೆ ಹಿಡಿಯುವ ರಕ್ತ 145 ಮಿ.ಲೀ. ಈಗ ಉದ್ದವನ್ನೂ ಗೋಡೆಯ ನಡುಗೆರೆಯ ಸುತ್ತಳತೆಯನ್ನೂ ಶೇ. 15ರಷ್ಟು ಕುಗ್ಗಿಸಿ. ಸ್ನಾಯುವಿನ ಒಟ್ಟು ಗಾತ್ರ ಕಡಿಮೆಯಾಗುವಂತಿಲ್ಲ. ಹಿಟ್ಟಿನ ಉಂಡೆಯನ್ನು ಎರಡು ಕಡೆಯಿಂದ ಒತ್ತಿದರೆ ಮೂರನೆಯ ಕಡೆ ಉಬ್ಬಲೇಬೇಕು. ಗೋಡೆ 9ರಿಂದ 12.5 ಮಿ.ಮೀ.ಗೆ ದಪ್ಪಗಾಗುತ್ತದೆ, ಅಂದರೆ ಶೇ. 38 ಹೆಚ್ಚಳ. ಉಬ್ಬಿದ ಗೋಡೆ ಒಳಗಿನ ಜಾಗವನ್ನು ನುಂಗುತ್ತದೆ. ಒಳ ತ್ರಿಜ್ಯ 24ರಿಂದ 18ಕ್ಕೆ ಇಳಿಯುತ್ತದೆ. ಉಳಿಯುವ ರಕ್ತ 69 ಮಿ.ಲೀ., ಹೊರಬಿದ್ದದ್ದು 76, ಇ.ಎಫ್. ಶೇ. 52. ಹೊರಗಿನಿಂದ ನೋಡಿದರೆ ಹೃದಯದ ತ್ರಿಜ್ಯ 33ರಿಂದ 30.5ಕ್ಕೆ ಮಾತ್ರ ಇಳಿದಿದೆ. ಕೆಲಸವೆಲ್ಲ ಗೋಡೆಯೊಳಗೇ ನಡೆದುಹೋಯಿತು.

ಇನ್ನೊಂದು ಹೃದಯ ತೆಗೆದುಕೊಳ್ಳಿ. ವರ್ಷಗಟ್ಟಲೆ ಬಿ.ಪಿ. ಏರಿ ಗೋಡೆ 14 ಮಿ.ಮೀ. ಆಗಿದೆ, ಒಳ ತ್ರಿಜ್ಯ 20, ಉದ್ದ ಅದೇ 80. ಇಲ್ಲಿ ಸ್ನಾಯು ಶೇ. 12ರಷ್ಟು ಮಾತ್ರ ಕುಗ್ಗಲಿ. ಅದೇ ಲೆಕ್ಕ ಹಾಕಿದರೆ ಬರುವ ಇ.ಎಫ್. ಎಷ್ಟು? ಮತ್ತೆ ಶೇ. 52.

| | ಆರೋಗ್ಯದ ಗೋಡೆ | ದಪ್ಪಗಾದ ಗೋಡೆ |
|---|---|---|
| ಗೋಡೆಯ ದಪ್ಪ (ಮಿ.ಮೀ.) | 9 | 14 |
| ಸ್ನಾಯು ಕುಗ್ಗಿದ್ದು (ಶೇ.) | 15 | 12 |
| ತುಂಬಿದ ರಕ್ತ (ಮಿ.ಲೀ.) | 145 | 101 |
| ಹೊರಬಿದ್ದ ರಕ್ತ (ಮಿ.ಲೀ.) | 76 | 53 |
| ಇ.ಎಫ್. (ಶೇ.) | 52 | 52 |

ಸ್ನಾಯುವಿನ ದುಡಿಮೆ ಐದರಲ್ಲಿ ಒಂದು ಪಾಲು ಬಿದ್ದುಹೋಗಿದೆ. ಬಡಿತಕ್ಕೆ 23 ಮಿ.ಲೀ. ರಕ್ತ ಖೋತಾ. ಪಂಪಿಂಗ್ ಮಾತ್ರ ಅಷ್ಟೇ ಇದೆ. ಹೃದಯ ವೈಫಲ್ಯದಿಂದ ಬಳಲುವವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯ ಇ.ಎಫ್. 50 ಅಥವಾ ಅದಕ್ಕಿಂತ ಮೇಲಿರುತ್ತದೆ. “ಪಂಪಿಂಗ್ ಚೆನ್ನಾಗಿದೆ ಅಂತಾರೆ, ಮೆಟ್ಟಿಲು ಹತ್ತಿದರೆ ಏದುಸಿರು” ಎಂದು ಹೇಳುವವರ ಮಾತಿನ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ಮೇಲಿನ ಕೋಷ್ಟಕದ ಎರಡನೆಯ ಸಾಲಿಗೆ ವೈದ್ಯರು ಇಟ್ಟ ಹೆಸರು ಸ್ಟ್ರೇನ್. ಮೊದಲಿದ್ದ ಉದ್ದಕ್ಕೆ ಹೋಲಿಸಿ ಶೇಕಡಾ ಎಷ್ಟು ಬದಲಾಯಿತು ಎಂಬುದಷ್ಟೇ ಅದರ ಅರ್ಥ. ಕುಗ್ಗಿದರೆ ಋಣ ಚಿಹ್ನೆ, ಹಿಗ್ಗಿದರೆ ಧನ ಚಿಹ್ನೆ.

ಚೌಕಳಿ ಎಳೆದವರು

ಸ್ನಾಯುವಿನ ಮೇಲೆ ಗುರುತು ಇಲ್ಲದಿದ್ದರೆ ಅದು ಸರಿದದ್ದು ಹೇಗೆ ತಿಳಿಯುತ್ತದೆ? ಬಿಳಿ ಟವೆಲ್ಲನ್ನು ಒದ್ದೆ ಮಾಡಿ ಹಿಂಡಿದರೆ ಯಾವ ನೂಲು ಎಲ್ಲಿಗೆ ಹೋಯಿತೆಂದು ಹೇಳಲಾಗದು. ಚೌಕಳಿ ಟವೆಲ್ಲಾದರೆ ಪ್ರತಿ ಚೌಕವೂ ಎಷ್ಟು ಓರೆಯಾಯಿತು, ಎಷ್ಟು ಚಪ್ಪಟೆಯಾಯಿತು ಎಂದು ಕಣ್ಣಿಗೇ ಕಾಣುತ್ತದೆ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ನೀಲ್ ಇಂಗೆಲ್ಸ್ ಮತ್ತು ಸಂಗಡಿಗರು ಹೃದಯ ಕಸಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಗೋಡೆಯೊಳಗೆ ಟ್ಯಾಂಟಲಮ್ ಲೋಹದ ಸಣ್ಣ ಸುರುಳಿಗಳನ್ನು ಕೂರಿಸಿ, ಎಕ್ಸ್‌ರೇ ಚಲನಚಿತ್ರದಲ್ಲಿ ಅವುಗಳ ಓಡಾಟ ಹಿಡಿದರು. 1975ರಲ್ಲಿ ಅದು ಪ್ರಕಟವಾಯಿತು. ಬೆರಳೆಣಿಕೆಯಷ್ಟು ಬಿಂದುಗಳಿಗೆ ತೆರೆದ ಎದೆಯೇ ಬೆಲೆ.

1988ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಲ್ಜೀರಿಯ ಮೂಲದ ಎಲಿಯಾಸ್ ಝೆರ್‌ಹೌನಿ ತಂಡ ಗುರುತುಗಳನ್ನು ಲೋಹದಿಂದಲ್ಲ, ರೇಡಿಯೊ ತರಂಗದಿಂದ ಹಾಕಿತು. ಎಂಆರ್‌ಐನಲ್ಲಿ ನಮ್ಮ ಮೈಯ ನೀರಿನಲ್ಲಿರುವ ಜಲಜನಕದ ಬೀಜಕೇಂದ್ರಗಳು 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸೆಕೆಂಡಿಗೆ 6.39 ಕೋಟಿ ಸುತ್ತಿನ ಲಯದಲ್ಲಿ, ಅಂದರೆ 63.9 ಮೆಗಾಹರ್ಟ್ಸ್‌ನಲ್ಲಿ ದನಿಗೂಡುತ್ತವೆ. ನಮ್ಮ ಕಾಲಡಿಯ ಭೂಮಿಯ ಕಾಂತಕ್ಷೇತ್ರಕ್ಕೆ ಹೋಲಿಸಿದರೆ ಈ 1.5 ಟೆಸ್ಲಾ 35,000 ಪಟ್ಟಿಗೂ ಮಿಗಿಲು. ಚಿತ್ರ ತೆಗೆಯುವ ಮುನ್ನ ತೆಳುವಾದ ಪಟ್ಟೆಗಳಲ್ಲಿ ಮಾತ್ರ ಆ ದನಿಯನ್ನು ಅಡಗಿಸಿದರೆ ಅವು ಕಪ್ಪು ಗೆರೆಗಳಾಗಿ ಮೂಡುತ್ತವೆ. ಸ್ನಾಯು ಸರಿದರೆ ಗೆರೆಯೂ ಜೊತೆಗೇ ಸರಿಯುತ್ತದೆ. ಮರುವರ್ಷ, 1989ರಲ್ಲಿ, ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಲಿಯಾನ್ ಆಕ್ಸೆಲ್ ಮತ್ತು ಲಾರೆನ್ಸ್ ಡೌಘರ್ಟಿ ಇಡೀ ಹೃದಯದ ಮೇಲೆ ಒಂದೇ ಏಟಿಗೆ ಗೆರೆಸಾಲು ಹಾಸುವ ಉಪಾಯ ಕಂಡುಕೊಂಡರು. ಅಡ್ಡ ಒಮ್ಮೆ, ಉದ್ದ ಒಮ್ಮೆ ಹಾಸಿದರೆ ಚೌಕಳಿ ಸಿದ್ಧ. ಕೆಲಸಕ್ಕೆ ಹಿಡಿಯುವುದು ಕೆಲವೇ ಮಿಲಿಸೆಕೆಂಡು.

ಆ ಚೌಕಳಿ ಒಗೆತ ತಾಳುವ ಬಣ್ಣವಲ್ಲ. ಅಡಗಿಸಿದ ದನಿ ತಾನಾಗಿ ಮರಳುತ್ತ ಗೆರೆ ಮಾಸುತ್ತದೆ. 1.5 ಟೆಸ್ಲಾದಲ್ಲಿ ಹೃದಯಸ್ನಾಯುವಿಗೆ ಈ ಮರಳುವಿಕೆಯ ಕಾಲಮಾನ ಸುಮಾರು 1,000 ಮಿಲಿಸೆಕೆಂಡ್. 72 ಬಡಿತದವರಿಗೆ ಒಂದು ಬಡಿತ 833 ಮಿಲಿಸೆಕೆಂಡ್. ಸಂಕೋಚನ ಮುಗಿಯುವ 350ನೆಯ ಮಿಲಿಸೆಕೆಂಡಿಗೆ ಗೆರೆಯ ಕಡುಪು ಶೇ. 70 ಉಳಿದಿರುತ್ತದೆ, ಬಡಿತದ ಕೊನೆಗೆ ಶೇ. 43. ಚಿತ್ರ ತೆಗೆಯುವ ತರಂಗಗಳೇ ಅದನ್ನು ಇನ್ನಷ್ಟು ಉಜ್ಜಿಹಾಕುವುದರಿಂದ ಹೃದಯ ಸಡಿಲಗೊಳ್ಳುವ ಹಂತದಲ್ಲಿ ಗೆರೆ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಕಾಲಮಾನ ಸುಮಾರು 1,200 ಮಿಲಿಸೆಕೆಂಡಿಗೆ ಏರಿ, ಕೊನೆಯಲ್ಲಿ ಶೇ. 50 ಉಳಿಯುತ್ತದೆ. 1993ರಲ್ಲಿ ಜ್ಯೂರಿಕ್‌ನ ಸ್ಟೀಫನ್ ಫಿಶರ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು: ಗೆರೆ ಅದಲುಬದಲು ಮಾಡಿ ಎರಡು ಸಲ ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ ಮಾಸಲು ಹಿನ್ನೆಲೆ ಹೋಗಿ ಗೆರೆ ಉಳಿಯುತ್ತದೆ. ಅದಕ್ಕೆ ತೆರಬೇಕಾದದ್ದು ಇಮ್ಮಡಿ ಸಮಯ.

ಹದಿನೆಂಟು ಉಸಿರು

ಹೃದಯದ ಎಂಆರ್‌ಐಗೆ ಒಳಹೋದವರಿಗೆ ನೆನಪಿನಲ್ಲಿ ಉಳಿಯುವುದು ಇಯರ್‌ಫೋನಿನಲ್ಲಿ ಕೇಳಿಬರುವ ಟೆಕ್ನಿಷಿಯನ್ ದನಿ: “ಉಸಿರು ಎಳ್ಕೊಳಿ... ಬಿಡಿ... ಹಾಗೇ ಹಿಡ್ಕೊಳಿ.” ಯಂತ್ರ ಒಂದು ಬಡಿತದಲ್ಲಿ ಇಡೀ ಚಿತ್ರ ಹಿಡಿಯದು. ಇ.ಸಿ.ಜಿ.ಯ ಚೂಪು ಏರನ್ನು ಗುರುತಿಟ್ಟುಕೊಂಡು ಹತ್ತು ಹನ್ನೆರಡು ಬಡಿತಗಳಿಂದ ತುಣುಕು ತುಣುಕಾಗಿ ಸಂಗ್ರಹಿಸಿ ಒಂದೇ ಬಡಿತವೆಂಬಂತೆ ಹೊಲಿಯುತ್ತದೆ. ಆ ಹತ್ತು ಸೆಕೆಂಡು ಎದೆ ಅಲುಗಬಾರದು. ಬಡಿತದ ಲಯ ತಪ್ಪುವವರಲ್ಲಿ ಹೊಲಿಗೆ ಬಿಟ್ಟುಹೋಗುತ್ತದೆ.

ವಾಡಿಕೆಯ ಒಂದು ಸ್ಕ್ಯಾನಿನ ಚಲನಚಿತ್ರ ಭಾಗದ ಲೆಕ್ಕ ಹೀಗಿದೆ. ಹೃದಯವನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಲಾಗಿ 12 ಬಿಲ್ಲೆ, ಉದ್ದಕ್ಕೆ 3 ಬಿಲ್ಲೆ. ಪ್ರತಿ ಬಿಲ್ಲೆಗೆ 30 ಚೌಕಟ್ಟು. ಒಟ್ಟು 450 ಚಿತ್ರ. ಒಂದು ಚಿತ್ರ 256 × 256 ಚುಕ್ಕೆ, ಚುಕ್ಕೆಗೆ 2 ಬೈಟ್ ಎಂದರೆ ಸುಮಾರು 59 ಎಂ.ಬಿ. ಬಿಲ್ಲೆಗೊಂದು ಉಸಿರು, ಹಿಡಿಯಲು 10 ಸೆಕೆಂಡು, ಸುಧಾರಿಸಿಕೊಳ್ಳಲು 20. ಹದಿನೈದು ಉಸಿರಿಗೆ ಏಳೂವರೆ ನಿಮಿಷ.

ಚೌಕಳಿ ಬೇಕೆಂದರೆ ಇದರ ಮೇಲೆ ಮೂರು ಬಿಲ್ಲೆ ಸಾಮಾನ್ಯ: ಬುಡದಲ್ಲೊಂದು, ನಡುವಿನಲ್ಲೊಂದು, ತುದಿಯ ಹತ್ತಿರ ಒಂದು. ಉಸಿರು ಹಿಡಿಯಲು 15 ಸೆಕೆಂಡು, ಬಿಡುವಿಗೆ 25 ಎಂದರೂ ಮೂರಕ್ಕೆ ಸರಿಯಾಗಿ ಎರಡು ನಿಮಿಷ. ಒಟ್ಟು ಹದಿನೆಂಟು ಉಸಿರು. ಈ ಬಿಲ್ಲೆಗಳನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2002ರಲ್ಲಿ ಗೊತ್ತುಪಡಿಸಿದಂತೆ ಬುಡಕ್ಕೆ 6, ನಡುವಿಗೆ 6, ತುದಿಯತ್ತ 4 ಪಾಲು ಮಾಡಿ, ಕಟ್ಟಕಡೆಯ ಮೊನೆಗೆ 1 ಸೇರಿಸಿದರೆ 17. ಹೃದಯದ 17 ತಾಲ್ಲೂಕು.

1,980 ಚುಕ್ಕೆಯ ರಂಗೋಲಿ

ಚಿತ್ರ ಸಿಕ್ಕಿತು. ಇನ್ನು ಅಂಕಿ ಬೇಕು. ದುಬಾರಿ ಭಾಗ ಇಲ್ಲಿಂದಲೇ ಶುರು.

ನಮ್ಮ ಕೊಳವೆಯ ಅಡ್ಡ ಬಿಲ್ಲೆಯಲ್ಲಿ ಸ್ನಾಯುವಿನ ಉಂಗುರದ ವಿಸ್ತೀರ್ಣ ಸುಮಾರು 1,612 ಚದರ ಮಿ.ಮೀ. ಗೆರೆಗಳ ನಡುವಿನ ಅಂತರ 7 ಮಿ.ಮೀ. ಆದರೆ ಒಂದು ಚೌಕಕ್ಕೆ 49 ಚದರ ಮಿ.ಮೀ. ಹಾಗಾಗಿ ಉಂಗುರದ ಮೇಲೆ ಬೀಳುವ ಗೆರೆಸಂಧಿಗಳು ಸುಮಾರು 33. ಒಂದು ಬಡಿತಕ್ಕೆ 20 ಚೌಕಟ್ಟು, 3 ಬಿಲ್ಲೆ. 33 × 20 × 3 = 1,980 ಚುಕ್ಕೆ. ಪರದೆಯ ಮುಂದೆ ಕೂತು ಮೌಸ್ ಹಿಡಿದು ಚುಕ್ಕೆಗೆ 5 ಸೆಕೆಂಡಿನಂತೆ ಗುರುತಿಸಿದರೆ 9,900 ಸೆಕೆಂಡು, ಅಂದರೆ ಎರಡು ಮುಕ್ಕಾಲು ಗಂಟೆ. ಒಬ್ಬ ರೋಗಿಗೆ!

ಎರಡು ನಿಮಿಷ ತೆಗೆದ ಚಿತ್ರವನ್ನು ಓದಲು 165 ನಿಮಿಷ. ತಂತ್ರ ಹುಟ್ಟಿ ಒಂದು ದಶಕ ಕಳೆದರೂ ಅದು ಸಂಶೋಧಕರ ಕೋಣೆ ದಾಟಿ ಬರದಿದ್ದುದಕ್ಕೆ ದೊಡ್ಡ ಕಾರಣ ಇದೇ.

1999ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲೇ ನಾಯೆಲ್ ಒಸ್ಮಾನ್, ಜೆರ್ರಿ ಪ್ರಿನ್ಸ್ ಮತ್ತು ಸಂಗಡಿಗರು ಗೆರೆಗಳನ್ನು ಕಣ್ಣಿನಿಂದ ಹುಡುಕುವುದನ್ನೇ ಬಿಟ್ಟರು. ಅವರ ತಂತ್ರದ ಹೆಸರು ಹಾರ್ಪ್. ಗೆರೆಯಿಂದ ಗೆರೆಗೆ ಹೋಗುವುದನ್ನು ಗಡಿಯಾರದ ಮುಳ್ಳು ಒಂದು ಸುತ್ತು ಬಂದಂತೆ, 0ಯಿಂದ 360 ಡಿಗ್ರಿ ಎಂದುಕೊಳ್ಳಿ. 7 ಮಿ.ಮೀ. ಅಂತರವಾದರೆ ಒಂದು ಮಿಲಿಮೀಟರ್‌ಗೆ 51 ಡಿಗ್ರಿ. ಸ್ನಾಯುವಿನ ಪ್ರತಿ ಕಣಕ್ಕೂ ಹೀಗೆ ಒಂದು ಕೋನ ಅಂಟಿಕೊಂಡಿರುತ್ತದೆ, ಕಣ ಎಲ್ಲಿಗೆ ಹೋದರೂ ಅದನ್ನು ಹೊತ್ತೇ ಹೋಗುತ್ತದೆ. ಮುಂದಿನ ಚೌಕಟ್ಟಿನಲ್ಲಿ ಅದೇ ಕೋನ ಎಲ್ಲಿದೆ ಎಂದು ಕಂಪ್ಯೂಟರ್ ಹುಡುಕಿದರೆ ಸಾಕು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಇದಕ್ಕೂ ಒಂದು ಮಿತಿ ಉಂಟು. ಎರಡು ಚೌಕಟ್ಟುಗಳ ನಡುವೆ ಕಣ ಅರ್ಧ ಅಂತರಕ್ಕಿಂತ, ಅಂದರೆ 3.5 ಮಿ.ಮೀ.ಗಿಂತ ಹೆಚ್ಚು ಓಡಿದರೆ ಕಂಪ್ಯೂಟರ್ ಪಕ್ಕದ ಗೆರೆಯ ಕಣವನ್ನು ಇದೇ ಎಂದು ತಪ್ಪಾಗಿ ಹಿಡಿಯುತ್ತದೆ. ಸ್ನಾಯು ಸೆಕೆಂಡಿಗೆ 7 ಸೆಂ.ಮೀ. ವೇಗದಲ್ಲಿ ಹೊರಟರೂ 35 ಮಿಲಿಸೆಕೆಂಡಿನ ಚೌಕಟ್ಟಿನಲ್ಲಿ ಸರಿಯುವುದು 2.45 ಮಿ.ಮೀ. ಮಿತಿಯೊಳಗೇ ಇದೆ. ಚೌಕಟ್ಟು 60 ಮಿಲಿಸೆಕೆಂಡಾದರೆ 4.2 ಮಿ.ಮೀ., ಲೆಕ್ಕ ಕೆಟ್ಟಿತು.

ಅದೇ 1999ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆ್ಯಂಥನಿ ಅಲೆಟ್ರಾಸ್ ಮತ್ತು ಸಂಗಡಿಗರು ಡೆನ್ಸ್ ಎಂಬ ತಂತ್ರ ಮುಂದಿಟ್ಟರು. ಅದರಲ್ಲಿ ಗೆರೆಯೇ ಕಾಣದು. ಚಿತ್ರದ ಪ್ರತಿ ಚುಕ್ಕೆಯೂ ತಾನು ಎಷ್ಟು ಸರಿದೆನೆಂಬ ಅಳತೆಯನ್ನು ನೇರ ಹೊತ್ತು ಬರುತ್ತದೆ. 2001ರಲ್ಲಿ ಒಸ್ಮಾನ್ ಸೆಂಕ್ ಎಂಬ ಇನ್ನೊಂದನ್ನು ತಂದರು: ಸ್ನಾಯು ಹೆಚ್ಚು ಕುಗ್ಗಿದಲ್ಲಿ ಒಂದು ಹೊಳಪು, ಕುಗ್ಗದಲ್ಲಿ ಇನ್ನೊಂದು. 2006ರ ಹೊತ್ತಿಗೆ ಅದರ ವೇಗದ ರೂಪ ಒಂದೇ ಬಡಿತದಲ್ಲಿ ಚಿತ್ರ ಹಿಡಿಯಿತು. ಹದಿನೈದು ಸೆಕೆಂಡಿನ ಉಸಿರು ಒಂದು ಸೆಕೆಂಡಿನೊಳಕ್ಕೆ ಬಂತು.

ಲಕ್ಷ ಹೃದಯದ ಮೊತ್ತ

ಓದುವ ಹೊಣೆ ಕಂಪ್ಯೂಟರಿಗೆ ಹೋದ ಮೇಲಷ್ಟೇ ದೊಡ್ಡ ಅಧ್ಯಯನಗಳು ಚಲನೆಗೆ ಕೈಹಾಕಿದವು. ಅಮೆರಿಕದ ಆರು ಊರುಗಳಲ್ಲಿ 2000ದಿಂದ 2002ರವರೆಗೆ ಹೃದ್ರೋಗವಿಲ್ಲದ, 45ರಿಂದ 84 ವಯಸ್ಸಿನ 6,814 ಮಂದಿಯನ್ನು ಸೇರಿಸಿಕೊಂಡ ‘ಮೆಸಾ’ ಅಧ್ಯಯನದಲ್ಲಿ ಸುಮಾರು 5,000 ಜನರಿಗೆ ಹೃದಯದ ಎಂಆರ್‌ಐ ಆಯಿತು. ಅವರಲ್ಲಿ ಒಂದು ಪಾಲಿಗೆ ಚೌಕಳಿ ಚಿತ್ರವನ್ನೂ ತೆಗೆದು ಹಾರ್ಪ್‌ನಿಂದ ಓದಿದರು.

ಬ್ರಿಟನ್ನಿನ ಯುಕೆ ಬಯೊಬ್ಯಾಂಕ್ ಇನ್ನೂ ದೊಡ್ಡದು. ಐದು ಲಕ್ಷ ಸ್ವಯಂಸೇವಕರಲ್ಲಿ ಒಂದು ಲಕ್ಷ ಮಂದಿಯ ಚಿತ್ರಣ 2014ರಲ್ಲಿ ಶುರುವಾಗಿ 2025ರಲ್ಲಿ ಮುಗಿಯಿತು. ಅಲ್ಲಿ ಹೃದಯಕ್ಕೆ ಮೀಸಲಿಟ್ಟ ಸಮಯ ತಲೆಗೆ 20 ನಿಮಿಷ, ಅದರಲ್ಲೇ ಮೂರು ಬಿಲ್ಲೆಯ ಚೌಕಳಿಯೂ ಸೇರಿದೆ. ಲಕ್ಷ ಮಂದಿಗೆ 20 ಲಕ್ಷ ನಿಮಿಷ, ಅಂದರೆ 33,333 ಗಂಟೆ. ಒಂದೇ ಯಂತ್ರ ಹಗಲಿರುಳು ಬಿಡದೆ ಓಡಿದರೂ 3 ವರ್ಷ 9 ತಿಂಗಳಿಗೂ ಹೆಚ್ಚು. ಈಗ ಅವರ ಚೌಕಳಿಗಳನ್ನೆಲ್ಲ ಕೈಯಿಂದ ಗುರುತಿಸುವುದಾದರೆ? ತಲೆಗೆ ಎರಡು ಮುಕ್ಕಾಲು ಗಂಟೆಯಂತೆ 2.75 ಲಕ್ಷ ಗಂಟೆ. ವರ್ಷಕ್ಕೆ 250 ದಿನ, ದಿನಕ್ಕೆ 8 ಗಂಟೆ ದುಡಿಯುವ ಒಬ್ಬರಿಗೆ 137 ವರ್ಷ.

ಮೊಣಕಾಲಿನ ಮುಂದೆ ಹೃದಯ

ಈಗ ರೂಪಾಯಿಗೆ ಬರೋಣ. ಕೆಳಗಿನದು ಯಾವುದೇ ಆಸ್ಪತ್ರೆಯ ಲೆಕ್ಕಪುಸ್ತಕವಲ್ಲ, ನಾವೇ ಊಹಿಸಿಕೊಂಡ ಮಾದರಿ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಬಹುದು, ಲೆಕ್ಕದ ದಾರಿ ಬದಲಾಗದು.

ಯಂತ್ರ, ಕೋಣೆ ಎಲ್ಲ ಸೇರಿ 8 ಕೋಟಿ, ಬಾಳಿಕೆ 10 ವರ್ಷ. ಸಿಬ್ಬಂದಿ, ಕರೆಂಟು, ದುರಸ್ತಿ ಕರಾರು ವರ್ಷಕ್ಕೆ 1 ಕೋಟಿ 8 ಲಕ್ಷ. ಬಡ್ಡಿ ಬಿಟ್ಟುಬಿಡೋಣ. ವರ್ಷಕ್ಕೆ 300 ದಿನ, ದಿನಕ್ಕೆ 12 ಗಂಟೆ ಓಡಿದರೆ 3,600 ಗಂಟೆ. ಬಂಡವಾಳದ ಪಾಲು ಗಂಟೆಗೆ ₹2,222, ನಡೆಸುವ ಖರ್ಚು ₹3,000. ಒಟ್ಟು ₹5,222, ನಿಮಿಷಕ್ಕೆ ₹87.

* ಮೊಣಕಾಲು, 20 ನಿಮಿಷ: ₹1,740
* ಹೃದಯ, 45 ನಿಮಿಷ: ₹3,915
* ಚೌಕಳಿ, ಹೆಚ್ಚುವರಿ 2 ನಿಮಿಷ: ₹174
* ಚೌಕಳಿಯನ್ನು ಕೈಯಿಂದ ಓದಲು, ತಜ್ಞರಿಗೆ ಗಂಟೆಗೆ ₹1,000 ಎಂದರೂ: ₹2,750

ಚಿತ್ರ ತೆಗೆಯುವುದಕ್ಕಿಂತ ಓದುವುದಕ್ಕೆ ಹೆಚ್ಚುಕಡಿಮೆ ಹದಿನಾರು ಪಟ್ಟು. ಅಷ್ಟು ದೊಡ್ಡ ಅಯಸ್ಕಾಂತಕ್ಕಿಂತ ಕಣ್ಣು ದುಬಾರಿಯಾಗಿತ್ತು. ಹಾರ್ಪ್, ಡೆನ್ಸ್, ಸೆಂಕ್ ಉಳಿಸಿದ್ದು ಮುಖ್ಯವಾಗಿ ಕೊನೆಯ ಸಾಲಿನ ದುಡ್ಡನ್ನು.

ಯಂತ್ರ ಅರ್ಧ ದಿನ ಖಾಲಿ ಕೂತರೆ ಖರ್ಚು ನಿಲ್ಲುವುದಿಲ್ಲ. 6 ಗಂಟೆ ಮಾತ್ರ ಓಡಿದರೆ ನಿಮಿಷಕ್ಕೆ ₹174, ಹೃದಯಕ್ಕೆ ₹7,830. ಇದರ ಮೇಲೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧ, ವರದಿ ಬರೆಯುವ ವೈದ್ಯರ ಶುಲ್ಕ. ಇನ್ನು ಸ್ಕ್ಯಾನಿಂಗ್ ಸೆಂಟರಿನ ಕಡೆಯಿಂದ ನೋಡಿ: ಒಂದು ಹೃದಯ ಒಳಹೋದರೆ ಎರಡು ಮೊಣಕಾಲು ಹೊರಗೆ ಕಾಯಬೇಕು. ದಿನದ ಪಟ್ಟಿ ತುಂಬಿರುವಲ್ಲಿ ಹೃದಯಕ್ಕೆ ಸರದಿ ಸಿಗುವುದೇ ಕಷ್ಟ; ಅದರ ಮೇಲೆ ಇನ್ನೆರಡು ನಿಮಿಷ ಕೇಳುವವರು ಯಾರು?

ನಿಮಿಷದ ದರ ಇಳಿಸುವ ಪ್ರಯತ್ನಗಳೂ ನಡೆದಿವೆ. ಹಳೆಯ ಮಾದರಿಯ ಅಯಸ್ಕಾಂತವನ್ನು ಮೈನಸ್ 269 ಡಿಗ್ರಿಯಲ್ಲಿಡಲು 1,500 ಲೀಟರಿನ ಆಸುಪಾಸು ದ್ರವ ಹೀಲಿಯಂ ಬೇಕು. ಫಿಲಿಪ್ಸ್ ಕಂಪನಿಯ ಮುಚ್ಚಿದ ಅಯಸ್ಕಾಂತಕ್ಕೆ 7 ಲೀಟರ್ ಸಾಕು, ಸೀಮೆನ್ಸ್‌ನ 0.55 ಟೆಸ್ಲಾ ಯಂತ್ರಕ್ಕೆ ಒಂದು ಲೀಟರಿಗೂ ಕಡಿಮೆ. ನಮ್ಮಲ್ಲಿ, ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ ಕಟ್ಟಿದ 1.5 ಟೆಸ್ಲಾ ಯಂತ್ರ ಮಹಾರಾಷ್ಟ್ರದ ಚಂದ್ರಾಪುರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದೆ. ಮೇಲಿನ ಲೆಕ್ಕದಲ್ಲಿ 8 ಕೋಟಿಯನ್ನು 5 ಕೋಟಿ ಮಾಡಿ ನೋಡಿ: ನಿಮಿಷಕ್ಕೆ ₹87 ಇದ್ದದ್ದು ₹73 ಆಗುತ್ತದೆ. ನಡೆಸುವ ಖರ್ಚು ಮೇಲುಗೈಯಾಗಿರುವುದರಿಂದ ಇಳಿತ ನಾವು ಎಣಿಸಿದಷ್ಟಿಲ್ಲ. ಯಂತ್ರ ಅಗ್ಗವಾಗುವುದಕ್ಕಿಂತ ಯಂತ್ರ ಖಾಲಿ ಕೂರದಿರುವುದೇ ದರ ಇಳಿಸುವ ದೊಡ್ಡ ದಾರಿ.

ಪುಕ್ಕಟೆ ಅಂಕಿ, ಅದರ ಜಾಮೀನು

2010ರ ಆಚೀಚೆಗೆ ಇನ್ನೊಂದು ದಾರಿ ತೆರೆಯಿತು. ಚೌಕಳಿಯೇ ಬೇಡ, ಹೇಗೂ ತೆಗೆದಿರುವ 450 ಚಿತ್ರಗಳಲ್ಲೇ ಗೋಡೆಯ ಅಂಚಿನ ಏರುತಗ್ಗುಗಳನ್ನು ಸಾಫ್ಟ್‌ವೇರ್ ಹಿಂಬಾಲಿಸಲಿ. ಫೀಚರ್ ಟ್ರ್ಯಾಕಿಂಗ್ ಎಂಬ ಈ ಪದ್ಧತಿಗೆ ಯಂತ್ರದ ಮೇಲೆ ಹೆಚ್ಚುವರಿ ಸಮಯ ಸೊನ್ನೆ. ಹಳೆಯ ಸ್ಕ್ಯಾನುಗಳನ್ನೂ ತೆರೆದು ಓದಬಹುದು. ಇಂದು ಹೆಚ್ಚು ಚಾಲ್ತಿಯಲ್ಲಿರುವುದು ಇದೇ.

ಪುಕ್ಕಟೆ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಮುನ್ನ ಮೂರು ಸಂಗತಿ ನೆನಪಿಡಬೇಕು.

ಒಂದು, ಬುಡದ ಓಟ. ಹೃದಯದ ತುದಿ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ, ಬುಡ ಪ್ರತಿ ಬಡಿತಕ್ಕೂ 12ರಿಂದ 15 ಮಿ.ಮೀ. ತುದಿಯತ್ತ ಜಾರುತ್ತದೆ. ಯಂತ್ರ ನೋಡುತ್ತಿರುವ ಬಿಲ್ಲೆಯ ದಪ್ಪ 8 ಮಿ.ಮೀ., ಅದು ಜಾರುವುದಿಲ್ಲ. ಹಾಗಾಗಿ ಬುಡದ ಬಿಲ್ಲೆಯಲ್ಲಿ ಬಡಿತದ ಮೊದಲಿಗೆ ಕಂಡ ಸ್ನಾಯುವೇ ಬೇರೆ, ಕೊನೆಗೆ ಕಂಡ ಸ್ನಾಯುವೇ ಬೇರೆ. ಬಸ್ಸಿನ ಕಿಟಕಿಯಲ್ಲಿ ಕಂಡ ಮರ ಮುಂದಿನ ಕ್ಷಣ ಅದೇ ಮರವಲ್ಲ.

ಎರಡು, ಗೋಡೆಯ ದಪ್ಪ. ಚೌಕಳಿ ಹಾಸಿದರೂ 9 ಮಿ.ಮೀ. ಗೋಡೆಯಲ್ಲಿ 7 ಮಿ.ಮೀ. ಅಂತರದ ಗೆರೆ ಒಂದೋ ಎರಡೋ ಬೀಳುತ್ತವೆ. ಸುತ್ತಳತೆಯ ದಿಕ್ಕಿನಲ್ಲಾದರೆ 179 ಮಿ.ಮೀ.ಗೆ ಇಪ್ಪತ್ತೈದು ಗೆರೆಯಷ್ಟು ಜಾಗವಿದೆ. ಅದಕ್ಕೇ ಸುತ್ತಳತೆ ಮತ್ತು ಉದ್ದದ ಸ್ಟ್ರೇನ್ ಆರೋಗ್ಯವಂತರಲ್ಲಿ ಸುಮಾರು ಮೈನಸ್ 17ರಿಂದ ಮೈನಸ್ 21ರ ನಡುವೆ ಒತ್ತಾಗಿ ಕೂರುತ್ತದೆ (ನಮ್ಮ ಕೊಳವೆಗೆ ಹಿಡಿದ 15 ಸರಳಗೊಳಿಸಿದ ಲೆಕ್ಕದ್ದು). ದಪ್ಪದ ದಿಕ್ಕಿನದು 30ರಿಂದ 50ರವರೆಗೆ ಹರಡಿಕೊಳ್ಳುತ್ತದೆ. ವರದಿಯಲ್ಲಿ ಮೂರೂ ಅಂಕಿ ಒಂದೇ ಗಾತ್ರದ ಅಕ್ಷರದಲ್ಲಿದ್ದರೂ ಮೂರರ ತೂಕ ಒಂದಲ್ಲ.

ಮೂರು, ಸಾಫ್ಟ್‌ವೇರ್. ಒಂದೇ ಚಿತ್ರವನ್ನು ಎರಡು ಕಂಪನಿಗಳ ಸಾಫ್ಟ್‌ವೇರಿಗೆ ಕೊಟ್ಟರೆ ಎರಡು ಅಂಕಿ ಬರಬಹುದು.

ಈ ಮೂರನೆಯದು ಯಾರಿಗೆ ಮುಖ್ಯ? ಕ್ಯಾನ್ಸರಿಗೆ ಡಾಕ್ಸೊರುಬಿಸಿನ್‌ನಂಥ ಔಷಧ ಪಡೆಯುವವರ ಹೃದಯಕ್ಕೆ ಪೆಟ್ಟು ಬೀಳಬಹುದು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2022ರ ಮಾರ್ಗಸೂಚಿಯ ಪ್ರಕಾರ, ಚಿಕಿತ್ಸೆಗೆ ಮೊದಲಿದ್ದ ಉದ್ದದ ಸ್ಟ್ರೇನ್ ಶೇ. 15ಕ್ಕಿಂತ ಹೆಚ್ಚು ಕುಸಿದರೆ ಅದು ಎಚ್ಚರಿಕೆ. ಮೈನಸ್ 20 ಇದ್ದವರಿಗೆ ಆ ಗಡಿ ಮೈನಸ್ 17. ಮೂರೇ ಅಂಶದ ಅಂತರ. ಮೊದಲ ಅಳತೆ ಒಂದು ಸಾಫ್ಟ್‌ವೇರಿನಲ್ಲಿ, ಎರಡನೆಯದು ಇನ್ನೊಂದರಲ್ಲಿ ಆದರೆ ಕುಸಿದದ್ದು ಹೃದಯವೋ ತಕ್ಕಡಿಯೋ ಎಂದು ಹೇಳಲಾಗದು. ಡ್ಯುಷೆನ್ ಎಂಬ ಸ್ನಾಯುಕ್ಷಯ ಇರುವ ಗಂಡುಮಕ್ಕಳಲ್ಲಿ ಇ.ಎಫ್. ಸರಿಯಾಗಿರುವಾಗಲೇ ಸುತ್ತಳತೆಯ ಸ್ಟ್ರೇನ್ ಇಳಿಯಲು ಶುರುವಾಗಿರುತ್ತದೆ ಎಂದು ಅಮೆರಿಕದ ಸಿನ್ಸಿನಾಟಿಯ ವೈದ್ಯರು 2009ರಲ್ಲಿ ಚೌಕಳಿ ಚಿತ್ರಗಳಿಂದಲೇ ತೋರಿಸಿದರು. ಅಲ್ಲೂ ವರ್ಷದಿಂದ ವರ್ಷಕ್ಕೆ ಒಂದೇ ತಕ್ಕಡಿ ಬೇಕು.

ಎಲ್ಲರಿಗೂ ಈ ಅಳತೆ ಬೇಕಿಲ್ಲ. ಪಂಪಿಂಗ್ 30 ಇರುವವರಿಗೆ ಚಿಕಿತ್ಸೆ ತೊಡಗಲು ಸ್ಟ್ರೇನ್‌ಗೆ ಕಾಯಬೇಕಾಗಿಲ್ಲ. ಹಲವರಿಗೆ ಅಗ್ಗದ ಎಕೋದಲ್ಲೇ (ಹೃದಯದ ಅಲ್ಟ್ರಾಸೌಂಡ್) ಉದ್ದದ ಸ್ಟ್ರೇನ್ ಸಿಗುತ್ತದೆ. ಎಕೋದಲ್ಲಿ ಚಿತ್ರ ಮಂಜಾಗಿ ಬರುವವರಿಗೆ, ಗೋಡೆ ದಪ್ಪಗಾದವರಿಗೆ, ಮೇಲಿಂದ ಮೇಲೆ ಹೋಲಿಸಿ ನೋಡಬೇಕಾದವರಿಗೆ ಎಂಆರ್‌ಐನ ಚೌಕಳಿಗೆ ಬೆಲೆ.

ಅಂಥವರ ಮನೆಗಳಲ್ಲಿ ಗೋದ್ರೆಜ್ ಬೀರುವಿನ ಮೇಲೆ ದೊಡ್ಡ ಲಕೋಟೆಯೊಂದು ಇದ್ದೇ ಇರುತ್ತದೆ, ಒಳಗೆ ಕಪ್ಪು ಫಿಲ್ಮುಗಳು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅದನ್ನೇ ಜೋಪಾನವಾಗಿ ಒಯ್ಯುತ್ತಾರೆ. ಆದರೆ ಫಿಲ್ಮಿನ ಮೇಲಿರುವುದು 450 ಚಿತ್ರಗಳಲ್ಲಿ ಆರಿಸಿದ ಕೆಲವು ನಿಂತ ಚಿತ್ರಗಳು. ಅದರಲ್ಲಿ ಹೃದಯ ಅಲುಗುವುದಿಲ್ಲ. ಅಲುಗುವ ಆ 59 ಎಂ.ಬಿ. ಇರುವುದು ಲಕೋಟೆಯ ಮೂಲೆಯಲ್ಲಿ ಸಿಕ್ಕಿಸಿದ ಸಿ.ಡಿ.ಯಲ್ಲಿ. ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಅದು ಬೇಕೇಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.